ಕಡವೆ ಮುಟ್ಟಿದವರು

"ಎಂತ ಮೂಗು ಮುಚ್ಚುದು? ನಿಮ್ಮ ಜಾತಿಗೆ ವಾಸನೆ ಯಾವಾಗಿಂದ ಗೊತ್ತಾಗ್ಲಿಕ್ಕೆ ಶುರುವಾದದ್ದು? ಎಳಿ ಬೇವರ್ಸಿ, ಎಳಿ."

ಫಾರೆಸ್ಟರ್ ಶ್ಯಾಮ ಇಪ್ಪತ್ತು ಹೆಜ್ಜೆ ದೂರದಲ್ಲಿ, ಗಾಳಿ ತನ್ನ ಕಡೆಗೆ ಬಾರದ ಜಾಗ ನೋಡಿ ನಿಂತು ಕೂಗುತ್ತಿದ್ದ. ಪೂವಪ್ಪ ಮೂಗಿನಿಂದ ಕೈ ತೆಗೆದು ಹಗ್ಗ ಹಿಡಿದ. ಹಗ್ಗದ ಇನ್ನೊಂದು ತುದಿಯನ್ನು ಕಡವೆಯ ಹಿಂಗಾಲುಗಳಿಗೆ ಬಿಗಿದಿತ್ತು. ದೊಡ್ಡ ಗಂಡು ಕಡವೆ. ಹೊಟ್ಟೆ ಉಬ್ಬಿ ಡೋಲಿನಂತಾಗಿತ್ತು. ಸತ್ತು ಒಂದು ದಿನ ಕಳೆದಿದ್ದರೂ ಮೂಗಿನಿಂದಲೂ ಹಿಂಭಾಗದಿಂದಲೂ ಇಳಿಯುವ ಕಪ್ಪು ರಕ್ತ ಹೆಪ್ಪುಗಟ್ಟಿರಲಿಲ್ಲ. ಎಳೆದ ದಾರಿಯುದ್ದಕ್ಕೂ ಒಣಗಿದ ಎಲೆಗಳ ಮೇಲೆ ಕಾಯಿಸಿದ ಡಾಂಬರಿನಂತೆ ಅಂಟುತ್ತಿತ್ತು.

ಹಗ್ಗಕ್ಕೆ ನಾಲ್ಕು ಗಂಡಸರು. ಪೂವಪ್ಪನ ಹೆಂಡತಿ ತನಿಯಾರು, ಅವಳ ನಾದಿನಿ ಸುಂದರಿ, ಇನ್ನೂ ಮೂವರು ಹೆಂಗಸರು ಗುಂಡಿಯಲ್ಲಿ ಇಳಿದು ಮಣ್ಣು ಎತ್ತುತ್ತಿದ್ದರು. ಆ ವಾರದಲ್ಲಿ ಇದು ಐದನೆಯದು. ಮೊದಲು ಎರಡು ಕಾಡುಕುರಿ ಸತ್ತವು, ಆಮೇಲೆ ಕಡವೆಗಳು. ಸೋಣ ತಿಂಗಳು ಕಳೆದು ಮಳೆ ಬಿಟ್ಟ ಮೇಲೆ ಬೆಳಗ್ಗೆ ಬುಟ್ಟಿ ಹೆಣೆಯುವ ಬಳ್ಳಿ, ಬೀಳು, ತರಲು ಕಾಡಿಗೆ ಹೋದವರಿಗೆ ದಿನವೂ ಹೊಸದೊಂದು ಕಡೆ ನೊಣಗಳ ಸದ್ದು ಕೇಳುತ್ತಿತ್ತು.

ಬೆಳಗ್ಗೆ ಜೀಪಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂದಿತ್ತು. ಅದರಲ್ಲಿ ದಪ್ಪ ಕೈಗವಸು, ಮುಖಕ್ಕೆ ಕಟ್ಟುವ ಮಾಸ್ಕು, ತಲೆಯಿಂದ ಕಾಲಿನವರೆಗೆ ಮುಚ್ಚುವ ಬಿಳಿ ಅಂಗಿ. ಶ್ಯಾಮನೂ ಇಬ್ಬರು ವಾಚರುಗಳೂ ಅವನ್ನು ಹಾಕಿಕೊಂಡು ಕಡವೆಯ ಹಿಂದೆ ಸಾಲಾಗಿ ನಿಂತರು. ಡ್ರೈವರ್ ಮೊಬೈಲಿನಲ್ಲಿ ಫೋಟೋ ತೆಗೆದ. ಫೋಟೋ ಸರಿ ಬಂದಿದೆಯೇ ಎಂದು ನೋಡಿದ ಮೇಲೆ ಮೂವರೂ ಎಲ್ಲವನ್ನೂ ಕಳಚಿ, ಮಡಚಿ, ಪೆಟ್ಟಿಗೆಗೆ ಹಾಕಿದರು.

"ಸಾರ್, ನಮಗೆ?" ಎಂದು ಪೂವಪ್ಪ ಕೇಳಿದ್ದ.

"ಅದು ಆಫೀಸಿನ ಸ್ಟಾಕ್. ಹರಿದ್ರೆ ಮೇಲಿನವರಿಗೆ ನಾನು ಉತ್ತರ ಹೇಳ್ಬೇಕು. ನಿನ್ನ ಚರ್ಮ ಹರಿದ್ರೆ ಯಾರೂ ಕೇಳ್ಲಿಕ್ಕಿಲ್ಲ."

ತನಿಯಾರು ಸುಣ್ಣದ ಚೀಲದೊಳಗಿನ ಪ್ಲಾಸ್ಟಿಕ್ ಬಿಚ್ಚಿ ಗಂಡನ ಎರಡೂ ಕೈಗೆ ಸುತ್ತಿ, ಬೀಳಿನಿಂದ ಕಟ್ಟಿಕೊಟ್ಟಿದ್ದಳು. ಹಗ್ಗದ ಎಳೆತಕ್ಕೆ ಅದು ಹತ್ತು ಹೆಜ್ಜೆಯಲ್ಲಿ ಹರಿಯಿತು. ಗುಂಡಿಯ ಅಂಚಿನಲ್ಲಿ ಕಡವೆಯ ಕೊಂಬು ಕೆಂಪು ಮುರಕಲ್ಲಿಗೆ ಸಿಕ್ಕಿಕೊಂಡಾಗ ಪೂವಪ್ಪ ಹಗ್ಗ ಬಿಟ್ಟು, ಕೊಂಬಿನ ಬುಡ ಹಿಡಿದು ಎತ್ತಿ ತಿರುಗಿಸಿದ. ಅದರ ಮೂಗಿನಲ್ಲಿದ್ದದ್ದೆಲ್ಲ ಅವನ ಮೊಣಕೈಯವರೆಗೆ ಇಳಿಯಿತು. ಬಲಗೈಯಲ್ಲಿ ಬೀಳು ಸೀಳುವಾಗ ಆದ ಸಣ್ಣ ಗಾಯವೊಂದಿತ್ತು. ಅವನು ಕೈಯನ್ನು ಮಣ್ಣಿಗೆ ಉಜ್ಜಿ, ಮತ್ತೆ ಹಗ್ಗ ಹಿಡಿದ.

ಕೇರಳದ ಗಡಿಯೊಳಗಿನ ಪೆರ್ಲ ಪೇಟೆಯಿಂದ ಒಳಗೆ, ಬಸ್ಸಿಳಿದು ಅರ್ಧ ಗಂಟೆ ನಡೆದರೆ ಕಜೆಮೂಲೆ. ಅಲ್ಲಿಂದ ಮೇಲೆ ಕಾಡು. ಕಾಡಿಗೂ ಊರಿನ ಧನಿ ಕೇಶವಪ್ರಸಾದನ ತೋಟಕ್ಕೂ ನಡುವೆ ಸಿಕ್ಕಿಕೊಂಡಂತೆ ಹನ್ನೊಂದು ಮನೆಗಳ ಕೊರಗರ ಕೊಪ್ಪ. ಕಾಲನಿ ಎಂದು ಕರೆಯಬಾರದೆಂದು ಸರಕಾರ ಹೇಳಿದ ಮೇಲೆ ಬೋರ್ಡಿಗೆ ಹೊಸ ಬಣ್ಣ ಬಳಿದು 'ನಗರ' ಎಂದು ಬರೆಸಿದ್ದರು. ನಗರಕ್ಕೆ ಹೋಗುವ ದಾರಿ ಮಾತ್ರ ಮೊದಲಿನಂತೆ ಕೇಶವಪ್ರಸಾದನ ತೋಟದ ಬದುವಿನ ಮೇಲೆಯೇ ಇತ್ತು, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟು. ಕೊಪ್ಪದವರು ಬೀಳಿನಲ್ಲಿ ಬುಟ್ಟಿ, ಕುಕ್ಕೆ ಹೆಣೆದು ಬದುಕುವವರು. ಬೀಳು ಇರುವುದು ಕಾಡಿನಲ್ಲಿ. ಕಾಡಿಗೆ ಹೋಗಬಹುದೋ ಬಾರದೋ ಎಂದು ಹೇಳುವವನು ಶ್ಯಾಮ. ಹಾಗಾಗಿ ಹಗ್ಗ ತನ್ನಿ ಎಂದು ಅವನು ಹೇಳಿದರೆ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ.

ಮೂರನೆಯ ದಿನ ಪೂವಪ್ಪನ ಕೈಯ ಗಾಯದ ಪಕ್ಕದಲ್ಲಿ ಸೊಳ್ಳೆ ಕಚ್ಚಿದಂತೆ ಒಂದು ಬೊಕ್ಕೆ ಎದ್ದಿತು. ತುರಿಸಿತು. ಮರುದಿನ ನೀರು ತುಂಬಿ ಒಡೆಯಿತು. ಅದರ ಮರುದಿನ ನಡುವೆ ಇದ್ದಿಲಿನಂತೆ ಕಪ್ಪಾಯಿತು. ನೋವು ಇರಲಿಲ್ಲ. ಅದೇ ಅವನನ್ನು ಹೆದರಿಸಿತು.

"ಒತ್ತಿದ್ರೂ ಗೊತ್ತಾಗುದಿಲ್ಲ," ಎಂದು ಹೆಂಡತಿಗೆ ತೋರಿಸಿದ. "ಇನ್ನೊಬ್ಬರ ಕೈಯ ಹಾಗೆ ಉಂಟು."

ಮೊಣಕೈಯಿಂದ ಮೇಲೆ ಊದಿಕೊಂಡು ಜ್ವರ ಏರಿದಾಗ ತನಿಯಾರು ಅವನನ್ನು ನಡೆಸಿಕೊಂಡು ರಸ್ತೆಯವರೆಗೆ ಬಂದಳು. ಬಸ್ಸು ನಿಲ್ಲುವಲ್ಲಿ ಮರಿಯುಮ್ಮನ ಅಂಗಡಿ. ತನಿಯಾರು ಹೆಣೆದ ಬುಟ್ಟಿಗಳನ್ನು ವರ್ಷಗಳಿಂದ ಅಂಗಡಿಯ ಮಾಡಿಗೆ ನೇತುಹಾಕಿ ಮಾರಿಕೊಡುತ್ತಿದ್ದವಳು ಮರಿಯುಮ್ಮ. ಅವಳು ಪೂವಪ್ಪನ ಕೈ ನೋಡಿದ್ದೇ, "ಇದು ಇಲ್ಲಿಯ ಮುಲಾಮಿಗೆ ಹೋಗುವಂಥದ್ದಲ್ಲ ತನಿಯಾರು. ಸೀದ ಕಾಸರಗೋಡಿಗೆ ಕರಕೊಂಡು ಹೋಗು," ಎಂದು ದಾರಿಯಲ್ಲಿ ಹೋಗುತ್ತಿದ್ದ ರಿಕ್ಷಾವನ್ನು ತಾನೇ ಕೈತೋರಿಸಿ ನಿಲ್ಲಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಮಾತು, "ಯಾವ ಪ್ರಾಣಿ ಮುಟ್ಟಿದ್ದು?"

ರೋಗದ ಹೆಸರು ಅಂಥ್ರಾಕ್ಸ್. ಬೇಗ ಬಂದದ್ದು ಒಳ್ಳೆಯದಾಯಿತು, ಮದ್ದು ಉಂಟು ಎಂದರು. ಕೈ ಉಳಿಯುತ್ತದೋ ಇಲ್ಲವೋ ಎಂದು ನಾಲ್ಕು ದಿನ ಕಳೆಯದೆ ಹೇಳುವುದಿಲ್ಲ ಎಂದೂ ಹೇಳಿದರು. ಅವನನ್ನು ಬೇರೆ ಕೋಣೆಯಲ್ಲಿ ಮಲಗಿಸಿದರು.

ಪೂವಪ್ಪ ಮನೆಗೆ ಮರಳುವ ಮುಂಚೆಯೇ ಸುದ್ದಿ ಊರು ಸುತ್ತಿತು. ತನಿಯಾರು ಬಟ್ಟೆ ತರಲು ಊರಿಗೆ ಬಂದಾಗ ಮರಿಯುಮ್ಮನ ಅಂಗಡಿಯ ಮಾಡಿನಲ್ಲಿ ಬುಟ್ಟಿಗಳಿರಲಿಲ್ಲ. ಹೊರಗೆ ಚರಂಡಿಯ ಪಕ್ಕದಲ್ಲಿ ರಾಶಿ ಹಾಕಿತ್ತು.

"ನಾನು ಬಿಸಾಡಿದ್ದಲ್ಲ," ಎಂದಳು ಮರಿಯುಮ್ಮ, ಮುಖ ನೋಡದೆ. "ಬಂದವರು ಇಳಿಸಿದ್ರು. ಎಲ್ಲರ ಫೋನಿಗೂ ಬಂದಿದೆ ಅಂತೆ, ಕೊಪ್ಪದವರು ಕಡವೆ ಕೊಯ್ದು ತಿಂದು ರೋಗ ತಂದ್ರು ಅಂತ. ನನಗೆ ಗೊತ್ತುಂಟು ನೀನು ಎಂಥವಳು ಅಂತ. ಆದ್ರೆ ಅಂಗಡಿ ನಡೀಬೇಕಲ್ಲ."

"ನಿಮಗೆ ಗೊತ್ತಿದ್ರೆ ಅವರಿಗೆ ಹೇಳ್ಲಿಕ್ಕೆ ಎಂತ ಕಷ್ಟ?"

ತನಿಯಾರು ಬುಟ್ಟಿಗಳನ್ನು ಒಂದೊಂದಾಗಿ ಎತ್ತಿ, ಒಂದರೊಳಗೆ ಒಂದು ಇಟ್ಟು, ತಲೆಯ ಮೇಲೆ ಹೊತ್ತುಕೊಂಡು ಹೋದಳು.

ಮರುದಿನ ಮಧ್ಯಾಹ್ನ ಶ್ಯಾಮ ಆಸ್ಪತ್ರೆಗೆ ಬಂದ. ಯೂನಿಫಾರ್ಮು ಇರಲಿಲ್ಲ, ಕೈಯಲ್ಲಿ ಒಂದು ಚೀಲ ಕಿತ್ತಳೆ. ಬಾಗಿಲಲ್ಲೇ ನಿಂತು, ಒಳಗೆ ಬರದೆ, ಒಂದು ಕಾಗದ ಚಾಚಿದ.

"ಪೂವಪ್ಪ, ಹೇಗುಂಟು? ಇದಕ್ಕೊಂದು ಹೆಬ್ಬೆಟ್ಟು ಹಾಕು. ಚಿಕಿತ್ಸೆಗೆ ಸಹಾಯ ಸಿಗ್ತದೆ."

ಪೂವಪ್ಪ ಎಡಗೈ ಚಾಚಿದ. ಕಾಗದ ಇಡೀ ಮಲಯಾಳದಲ್ಲಿತ್ತು. ತನಿಯಾರು ಕನ್ನಡ ಶಾಲೆಯಲ್ಲಿ ನಾಲ್ಕನೆಯವರೆಗೆ ಓದಿದವಳು. ಅವಳು ಕಾಗದವನ್ನು ಗಂಡನ ಕೈಗೆ ಹೋಗುವ ಮುಂಚೆಯೇ ತೆಗೆದುಕೊಂಡಳು.

"ಇದರಲ್ಲಿ ಎಂತ ಬರ್ದದ್ದು?"

"ಹೇಳಿದೆನಲ್ಲ, ಸಹಾಯಕ್ಕೆ ಅಂತ."

"ಓದಿ ಹೇಳಿ."

"ಓದ್ಲಿಕ್ಕೆಲ್ಲ ಎಲ್ಲಿ ಸಮಯ ಉಂಟು? ನಂಬಿಕೆ ಇಲ್ವಾ ನಿನಗೆ?"

ಇಂಜೆಕ್ಷನ್ ಕೊಡಲು ಬಂದಿದ್ದ ನರ್ಸ್ ಅಫೀಫಾ ಪಕ್ಕದಲ್ಲಿ ನಿಂತಿದ್ದಳು. ತನಿಯಾರು ಕಾಗದವನ್ನು ಅವಳ ಮುಂದೆ ಹಿಡಿದಳು. ಅಫೀಫಾ ಮೊದಲ ಸಾಲು ಓದಿ ನಿಲ್ಲಿಸಿದಳು. ಶ್ಯಾಮನ ಮುಖ ನೋಡಿದಳು. ಆಮೇಲೆ ಪೂರ್ತಿ ಓದಿ, ನಿಧಾನವಾಗಿ ಕನ್ನಡದಲ್ಲಿ ಹೇಳಿದಳು.

"ಮೀಸಲು ಅರಣ್ಯದಲ್ಲಿ ನಾನು ಕಡವೆಯನ್ನು ಉರುಳು ಹಾಕಿ ಕೊಂದು, ಚರ್ಮ ಸುಲಿದು ಮಾಂಸ ಮಾಡಿದ್ದೇನೆ. ಆಗ ನನ್ನ ಕೈಗೆ ಈ ಗಾಯ ಆದದ್ದು. ಇದನ್ನು ನಾನು ಸ್ವ ಇಚ್ಛೆಯಿಂದ ಒಪ್ಪುತ್ತೇನೆ. ಹಾಗೆ ಉಂಟು ಇದರಲ್ಲಿ."

ಪೂವಪ್ಪ ಚಾಚಿದ್ದ ಎಡಗೈಯನ್ನು ಮೆಲ್ಲನೆ ಹೊದಿಕೆಯೊಳಗೆ ಎಳೆದುಕೊಂಡ.

"ನೀವು ಹೇಳಿದ ಕೆಲಸ ಮಾಡಿದ್ದಕ್ಕೆ ಇವರು ಮಲಗಿದ್ದು," ಎಂದಳು ತನಿಯಾರು. "ನಿಮ್ಮ ಹಗ್ಗ. ನಿಮ್ಮ ಗುಂಡಿ."

"ರಿಜಿಸ್ಟರಿನಲ್ಲಿ ಇವನ ಹೆಸರೇ ಇಲ್ಲ. ಹೂತದ್ದು ನನ್ನ ವಾಚರುಗಳು. ಫೋಟೋ ಉಂಟು ನೋಡು." ಶ್ಯಾಮ ಈಗ ನಗುತ್ತಿರಲಿಲ್ಲ. "ಕಾಡಿನಲ್ಲಿ ಇಷ್ಟು ಪ್ರಾಣಿ ಸತ್ತಿದೆ. ಮೇಲಿನವರು ಯಾಕೆ ಅಂತ ಕೇಳ್ತಾರೆ. ಯಾರನ್ನಾದ್ರೂ ತೋರಿಸ್ಬೇಕು. ಹೆಬ್ಬೆಟ್ಟು ಹಾಕಿದ್ರೆ ಬೇಗ ಜಾಮೀನು ಸಿಗ್ತದೆ. ಹಾಕದಿದ್ರೂ ಕೇಸು ಕೇಸೇ. ಅವನ ಕೈಯೇ ಸಾಕ್ಷಿ."

"ನಿಮ್ಮ ಅಮ್ಮನ ಕೈಯಲ್ಲಿ ಹಾಕಿಸಿಕೊಳ್ಳಿ ಹೆಬ್ಬೆಟ್ಟು," ಎಂದಳು ತನಿಯಾರು. ಕಾಗದವನ್ನು ನಾಲ್ಕಾಗಿ ಮಡಚಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ಕಿತ್ತಳೆಯನ್ನೂ ತಕ್ಕೊಂಡು ಹೋಗಿ."

ಅವನು ಕಾಗದಕ್ಕೆ ಕೈ ಹಾಕಲು ಒಳಗೆ ಒಂದು ಹೆಜ್ಜೆ ಇಟ್ಟ. ರೋಗಿಯ ಮಂಚ ನೋಡಿ ಹಿಂದೆ ಸರಿದ. ಅಫೀಫಾ, "ಇದು ಒಳಗೆ ಬರುವ ವಾರ್ಡ್ ಅಲ್ಲ ಸಾರ್, ಹೊರಗೆ ಹೋಗಿ," ಎಂದು ಬಾಗಿಲು ಮುಚ್ಚಿದಳು.

ಎರಡು ದಿನಗಳಲ್ಲಿ ಕೇಸಿನ ನೋಟೀಸು ಬಂತು. ಅದೂ ಮಲಯಾಳದಲ್ಲಿಯೇ.

ಕಜೆಮೂಲೆಯ ಸುತ್ತಲಿನ ದನಗಳಿಗೆಲ್ಲ ಚುಚ್ಚುಮದ್ದು ಹಾಕಲು ಮೃಗಾಸ್ಪತ್ರೆಯ ಡಾಕ್ಟರು ರಮ್ಯಶ್ರೀ ಸ್ಕೂಟರಿನಲ್ಲಿ ಓಡಾಡುತ್ತಿದ್ದಳು. ಕೆಲಸಕ್ಕೆ ಸೇರಿ ಒಂದು ವರ್ಷ ಆಗಿರಲಿಲ್ಲ. ತನಿಯಾರು ಬೆಳಗ್ಗೆ ಎಂಟಕ್ಕೇ ರಸ್ತೆಯ ನಡುವೆ ಬಂದು ನಿಂತಳು. ಸ್ಕೂಟರು ನಿಲ್ಲಿಸಲೇಬೇಕಾಯಿತು.

"ಡಾಕ್ಟ್ರೆ, ಕಾಡಿಗೆ ಈ ರೋಗ ಎಲ್ಲಿಂದ ಬಂತು ಅಂತ ನಿಮಗೆ ಬೇಕಾ?"

"ಅದನ್ನೇ ಹುಡುಕ್ತಾ ಇರುದು ಅಕ್ಕ. ಎಲ್ಲರೂ ಕೊಪ್ಪದವರ ಹೆಸರು ಹೇಳ್ತಾರೆ."

"ನನ್ನೊಟ್ಟಿಗೆ ಬನ್ನಿ."

ದಾರಿಯಲ್ಲಿ ತನಿಯಾರು ಹೇಳಿದಳು. ಆಟಿ ತಿಂಗಳಲ್ಲಿ, ಮಳೆ ಜೋರಿದ್ದಾಗ, ಕೇಶವಪ್ರಸಾದನ ಹಟ್ಟಿಯಲ್ಲಿ ಮೂರು ದನ ಒಂದರ ಹಿಂದೆ ಒಂದು ಸತ್ತಿದ್ದವು. ಸಂಜೆ ಹುಲ್ಲು ತಿಂದದ್ದು ಬೆಳಗ್ಗೆ ಕಾಲು ಚಾಚಿ ಬಿದ್ದಿತ್ತು. ಹಾವು ಕಚ್ಚಿದ್ದು ಎಂದು ಹೇಳಿ ಪೂವಪ್ಪನನ್ನೂ ಇನ್ನಿಬ್ಬರನ್ನೂ ಕರೆಸಿ ಎಳೆಯಲು ಹೇಳಿದ. ಕಾಡಿನ ಅಂಚಿನಲ್ಲಿ ಕಲ್ಲು ತೆಗೆದು ಬಿಟ್ಟ ಹಳೆಯ ಮುರಕಲ್ಲಿನ ಕೋರೆಯೊಂದಿದೆ. ಅದರೊಳಗೆ ತಳ್ಳಿಸಿದ.

"ಹೂತಿಡುವ ಧನಿ, ಅಂತ ಇವರು ಹೇಳಿದ್ರು. ಗುಂಡಿ ತೋಡ್ತಾ ಕೂತ್ರೆ ನಾಲ್ಕು ಜನ ನೋಡ್ತಾರೆ, ಹಾಲು ಸೊಸೈಟಿಗೆ ಹೋಗುದು ನಿಲ್ತದೆ ಅಂದ. ಅವನೇ ಅಲ್ವಾ ಸೊಸೈಟಿಯ ಅಧ್ಯಕ್ಷ. ಬೇಕಾದ್ರೆ ಕೊಯ್ದುಕೊಳ್ಳಿ, ನಿಮಗೆ ಹಬ್ಬ ಅಂದ."

"ಕೊಯ್ದಿರಾ?" ರಮ್ಯಶ್ರೀ ಮೆಲ್ಲನೆ ಕೇಳಿದಳು.

ತನಿಯಾರು ನಿಂತಳು. "ರಕ್ತ ನೀರಿನ ಹಾಗೆ ಇಳಿಯುವ ದನಕ್ಕೆ ನಮ್ಮವರು ಕತ್ತಿ ತಾಗಿಸುದಿಲ್ಲ ಡಾಕ್ಟ್ರೆ. ನನ್ನ ಅತ್ತೆ ಹೇಳಿಕೊಟ್ಟದ್ದು. ಹಸಿದು ಸತ್ತವರುಂಟು ನಮ್ಮಲ್ಲಿ, ಅದನ್ನು ತಿಂದವರಿಲ್ಲ. ಓದಿದ ಧನಿಗೆ ಗೊತ್ತಿಲ್ಲದ್ದು ನಮಗೆ ಗೊತ್ತಿತ್ತು. ಗೊತ್ತಿದ್ರೂ ಎಳೆದೆವು. ಬರುದಿಲ್ಲ ಅಂದ್ರೆ ದಾರಿ ಮುಚ್ತಾನೆ."

ಕೋರೆಯ ತುಂಬ ಮಳೆನೀರು ನಿಂತು ಪಾಚಿ ಕಟ್ಟಿತ್ತು. ಅಂಚಿನ ಕೆಸರಿನಲ್ಲಿ ಹಂದಿಯ ಗೊರಸು, ನಾಯಿಯ ಹೆಜ್ಜೆ. ಅವುಗಳ ಮೇಲೆ, ಕಾಡಿನ ಕಡೆಯಿಂದ ನೀರಿಗೆ ಇಳಿದು ಬಂದ ಕಡವೆಗಳ ಸೀಳು ಗೊರಸಿನ ಗುರುತು, ಸಾಲುಸಾಲಾಗಿ. ನೀರಿನಿಂದ ಪಕ್ಕೆಲುಬುಗಳು ಮೇಲೆ ಎದ್ದಿದ್ದವು.

ರಮ್ಯಶ್ರೀ ಬೂಟು, ಕೈಗವಸು ಹಾಕಿದಳು. "ನೀವು ಇಳಿಯಬೇಡಿ ಅಕ್ಕ, ಅಲ್ಲೇ ನಿಲ್ಲಿ," ಎಂದಳು. ಹಾಗೆ ತನಿಯಾರಿಗೆ ಅಲ್ಲಿಯವರೆಗೆ ಯಾರೂ ಹೇಳಿದ್ದಿಲ್ಲ. ಡಾಕ್ಟರು ನಾಲ್ಕು ಕಡೆ ಮಣ್ಣು ತೆಗೆದು ಡಬ್ಬಿಗಳಿಗೆ ತುಂಬಿದಳು. ಒಂದು ತಲೆಬುರುಡೆಯ ಹತ್ತಿರ ಬಗ್ಗಿ, ಇಕ್ಕುಳದಲ್ಲಿ ಹಳದಿ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದನ್ನು ಎತ್ತಿದಳು. ದನದ ಕಿವಿಗೆ ಹೊಡೆಯುವ ನಂಬರಿನ ಬಿಲ್ಲೆ.

"ಈ ನಂಬರು ನಮ್ಮ ರಿಜಿಸ್ಟರಿನಲ್ಲಿ ಉಂಟು," ಎಂದಳು ಮೇಲೆ ಬಂದ ಮೇಲೆ. ಮುಖ ಬಿಳಿಚಿತ್ತು. "ಪುತ್ತೂರಿನ ಕಡೆಗೆ ಮಾರಿದ್ದೇನೆ ಅಂತ ನನ್ನಿಂದಲೇ ಬರೆಸಿದ್ದಾರೆ. ನಾನು ಹಟ್ಟಿಗೆ ಹೋಗಿ ನೋಡದೆ ಬರೆದೆ." ಬಿಲ್ಲೆಯನ್ನು ಡಬ್ಬಿಗೆ ಹಾಕಿ ಮುಚ್ಚಿದಳು. "ನಾನು ರಿಪೋರ್ಟ್ ಕಳಿಸ್ತೇನೆ ಅಕ್ಕ. ಮೇಲೆ ಹೋದ ಮೇಲೆ ಅದು ಎಂತ ಆಗ್ತದೆ ಅಂತ ನನಗೆ ಗೊತ್ತಿಲ್ಲ. ಸುಳ್ಳು ಹೇಳುದಿಲ್ಲ ನಿಮಗೆ."

"ನೀವು ಕಳಿಸಿ. ಉಳಿದದ್ದು ಆಮೇಲೆ."

ಆ ಸಂಜೆ ಬಿಸಿಲು ಇಳಿಯುವ ಮೊದಲೇ ಕೇಶವಪ್ರಸಾದ ಕೊಪ್ಪದ ಅಂಗಳಕ್ಕೆ ಬಂದ. ಎಷ್ಟೋ ವರ್ಷಗಳಿಂದ ಅವನು ಅಲ್ಲಿಗೆ ಕಾಲಿಟ್ಟವನಲ್ಲ. ಬೇಕಾದಾಗ ತೋಟದ ಬದುವಿನಲ್ಲಿ ನಿಂತು ಕೂಗುತ್ತಿದ್ದ. ಬಿಳಿ ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿಕೊಂಡಿದ್ದ. ಹೆಂಗಸರು ಬೀಳು ಸೀಳುತ್ತ ಕೂತಿದ್ದರು.

"ಏ ತನಿಯಾರು, ಆ ಹುಡುಗಿ ಡಾಕ್ಟರನ್ನು ಕೋರೆಗೆ ಕರಕೊಂಡು ಹೋದದ್ದು ನೀನಾ?"

"ಹೌದು ಧನಿ."

"ಎಷ್ಟು ಸೊಕ್ಕು ನಿನಗೆ. ನನ್ನ ಜಾಗದಲ್ಲಿ ನಡೆದು, ನನ್ನ ಮೇಲೆಯೇ ಚಾಡಿ. ನಾಳೆ ಬೆಳಗ್ಗೆ ಬದುವಿಗೆ ಬೇಲಿ ಬೀಳ್ತದೆ. ನಿಮ್ಮ ಹೆಣವನ್ನೂ ಕಾಡು ಸುತ್ತಿಸಿಯೇ ಹೊರಬೇಕು. ನಿನ್ನ ಗಂಡ ಒಳಗೆ ಹೋಗ್ತಾನೆ, ನೀನು ಬೀದಿಗೆ ಹೋಗ್ತಿ, ನಾಯಿಗಳ ಹಾಗೆ." ಅವನು ಸುತ್ತ ನೋಡಿದ. "ನಿನ್ನ ಅತ್ತೆ ನಮ್ಮ ಅಂಗಳದಲ್ಲಿ ಎಲೆ ಹಿಡಿದು ಕಾದು ಉಂಡವಳು. ಅವಳಿಗಿದ್ದ ನಿಯತ್ತು ನಿನಗಿಲ್ಲ."

ತನಿಯಾರು ಕೈಯಲ್ಲಿದ್ದ ಬೀಳನ್ನು ಕೆಳಗಿಟ್ಟು ಎದ್ದಳು.

"ಉಂಡದ್ದು ಹೌದು. ಯಾವ ಅನ್ನ ಅಂತ ಹೇಳ್ಲಾ? ನಿಮ್ಮ ಅಜ್ಜಿ ಕಾಯಿಲೆ ಬಿದ್ದಾಗ, ಅನ್ನಕ್ಕೆ ಅವರ ಉಗುರು, ತಲೆಕೂದಲು ಕಲಸಿ ನನ್ನ ಅತ್ತೆಗೆ ಬಡಿಸಿದ್ದು. ರೋಗ ನಮಗೆ ದಾಟ್ಲಿ ಅಂತ. ಎದುರಿಗೇ ನಿಂತು, ಉಂಡು ಮುಗಿಸುವವರೆಗೆ ನೋಡಿದ್ದು. ಅತ್ತೆ ಸಾಯುವವರೆಗೂ ಆ ಕೂದಲು ಗಂಟಲಲ್ಲಿ ಉಂಟು ಅಂತ ಹೇಳ್ತಿದ್ರು."

ಕೇಶವಪ್ರಸಾದ ಏನೋ ಹೇಳಲು ಬಾಯಿ ತೆರೆದ.

"ಆಗ ಕೂದಲು. ಈಗ ದನ," ಎಂದಳು ತನಿಯಾರು. "ನಾವು ಇನ್ನು ಉಣ್ಣುದಿಲ್ಲ. ಬೇಲಿ ಹಾಕಿ ನೋಡಿ. ಹಾಕಿದ್ದನ್ನು ಕೀಳ್ಲಿಕ್ಕೂ ಕೈ ಉಂಟು ನಮಗೆ."

ಅಂಗಳದಲ್ಲಿದ್ದವರೆಲ್ಲ ಎದ್ದು ನಿಂತಿದ್ದರು. ಬೀಳು ಸೀಳುವ ಕತ್ತಿಗಳು ಅವರವರ ಕೈಯಲ್ಲೇ ಇದ್ದವು. ಯಾರೂ ಅವನ್ನು ಎತ್ತಿರಲಿಲ್ಲ, ಕೆಳಗಿಟ್ಟಿರಲೂ ಇಲ್ಲ. ಕೇಶವಪ್ರಸಾದ ಪಂಚೆ ಇಳಿಬಿಟ್ಟು, "ಬೋಳಿಮಕ್ಕಳು," ಎಂದು ನೆಲಕ್ಕೆ ಉಗಿದು, ಬಂದ ದಾರಿಯಲ್ಲಿ ಹೋದ.

ಮರುದಿನ ಬೆಳಗ್ಗೆ ಮುಳ್ಳುತಂತಿ ಬಿಗಿದಿತ್ತು. ಹತ್ತು ಗಂಟೆಗೆ ಕೊಪ್ಪದ ಹೆಂಗಸರು ಅದನ್ನು ಬಿಚ್ಚಿ, ಸುರುಳಿ ಸುತ್ತಿ, ಅವನ ಗೇಟಿನ ಎದುರು ಇಟ್ಟು ಬಂದರು. ಅದಾದ ಮೇಲೆ ನಾಲ್ಕು ದಿನ ಯಾರೂ ಏನೂ ಮಾಡಲಿಲ್ಲ. ಆಸ್ಪತ್ರೆಯಿಂದ ಸುದ್ದಿ ಬಂತು: ಜ್ವರ ಇಳಿದಿದೆ, ಕೈ ಕಡಿಯುವುದು ಬೇಡ, ಆದರೆ ಬೆರಳುಗಳು ಮಡಚುತ್ತವೆಯೇ ಎಂದು ಈಗಲೇ ಹೇಳಲಾಗದು. ಬುಟ್ಟಿ ಹೆಣೆಯುವವನ ಬೆರಳು. ತನಿಯಾರು ಆ ಮಾತನ್ನು ಯಾರಿಗೂ ಹೇಳದೆ ಇಡೀ ದಿನ ಬೀಳು ಸೀಳಿದಳು.

ಐದನೆಯ ದಿನ ಬೆಳಗ್ಗೆ ಕೇಶವಪ್ರಸಾದನ ಕೆರೆಯಲ್ಲಿ ಒಂದು ಹೆಣ್ಣು ಕಡವೆ ಸತ್ತು ಬಿದ್ದಿತ್ತು.

ಬಾಯಾರಿ ತೋಟದೊಳಗೆ ನುಗ್ಗಿರಬೇಕು. ಕೆರೆಯ ಮೆಟ್ಟಿಲಿನ ಮೇಲೆ ಮೈ, ನೀರಿನೊಳಗೆ ತಲೆ. ಮೂಗಿನ ಸುತ್ತ ನೀರು ಕಂದಾಗಿ ಹರಡುತ್ತಿತ್ತು. ಆ ಕೆರೆಯಿಂದಲೇ ಮನೆಗೆ, ಹಟ್ಟಿಗೆ, ತೋಟಕ್ಕೆ ನೀರು. ತೋಟದಲ್ಲಿ ಕೆಲಸಕ್ಕಿದ್ದ ಅಸ್ಸಾಮಿನವರು ಸುದ್ದಿ ಕೇಳಿದ್ದೇ ಬ್ಯಾಗು ಎತ್ತಿಕೊಂಡು ಬಸ್ಸಿಗೆ ಹೋದರು. ಜೆಸಿಬಿಯ ಪ್ರವೀತ್ ಫೋನಿನಲ್ಲೇ, "ಮನೆಯಲ್ಲಿ ಸಣ್ಣ ಮಗು ಉಂಟು ಅಣ್ಣಾ, ನಾನು ಬರುದಿಲ್ಲ. ಬಂದ್ರೂ ನಿಮ್ಮ ತೋಟದ ಒಳಗೆ ಮೆಷಿನ್ ಇಳಿಯುದಿಲ್ಲ," ಎಂದ. ಶ್ಯಾಮನ ವಾಚರುಗಳಿಬ್ಬರೂ ರಜೆ ಹಾಕಿದ್ದರು.

ಶ್ಯಾಮನ ಜೀಪು ಕೊಪ್ಪದ ಕೆಳಗೆ ನಿಂತಿತು.

"ಎಲ್ಲಿ ಗಂಡಸರು? ಹಗ್ಗ ತನ್ನಿ, ಪಿಕ್ಕಾಸು ತನ್ನಿ. ಬೇಗ."

ಯಾರೂ ಏಳಲಿಲ್ಲ. ತನಿಯಾರು ಬುಟ್ಟಿಯ ತಳದ ಕೊನೆಯ ಸುತ್ತು ಮುಗಿಸಿ, ತುದಿ ಸಿಕ್ಕಿಸಿ, ಬದಿಗಿಟ್ಟಳು.

"ಬರ್ತೇವೆ ಸಾರ್. ನೋಡ್ಲಿಕ್ಕೆ."

ಹನ್ನೊಂದು ಮನೆಯವರೂ ಬಂದರು. ನಡೆಯಲಾಗದ ಇಬ್ಬರು ಮುದುಕರನ್ನು ಹೊತ್ತುಕೊಂಡೇ ಬಂದರು. ಕೆರೆಯ ದಂಡೆಯ ಮೇಲೆ, ಗಾಳಿ ತಾಗದ ಕಡೆಯಲ್ಲಿ, ಸಾಲಾಗಿ ಕೂತರು. ಅಷ್ಟರಲ್ಲಿ ರಮ್ಯಶ್ರೀ ಬಂದಳು. ಸ್ಕೂಟರಿನ ಹಿಂದೆ ನಾಲ್ಕು ಜನಕ್ಕೆ ಬೇಕಾದ ಬಿಳಿ ಅಂಗಿ, ಕೈಗವಸು, ಬೂಟು, ಸುಣ್ಣದ ಚೀಲ.

"ಸರಿ, ಈಗ ಕೈಗವಸು ಬಂತಲ್ಲ," ಎಂದ ಶ್ಯಾಮ. "ಹಾಕ್ಕೊಳ್ಳಿ. ಇನ್ನೆಂತ ಬೇಕು ನಿಮಗೆ?"

"ಮುಟ್ಲಿಕ್ಕಾಗುದಿಲ್ಲ ಸಾರ್," ಎಂದಳು ತನಿಯಾರು.

"ಯಾಕೆ?"

"ಕಡವೆ ಮುಟ್ಟಿದ್ದಕ್ಕೆ ನನ್ನ ಗಂಡನ ಮೇಲೆ ಕೇಸು ಉಂಟಲ್ಲ. ಕೈಯೇ ಸಾಕ್ಷಿ ಅಂತ ನೀವೇ ಹೇಳಿದ್ದು. ಇವತ್ತು ನಾವೆಲ್ಲ ಮುಟ್ಟಿದ್ರೆ ನಾಳೆ ನಮ್ಮೆಲ್ಲರ ಮೇಲೆ ಕೇಸು. ಕಾನೂನು ನಮಗೂ ಸ್ವಲ್ಪ ಗೊತ್ತಾಗಿದೆ ಈಗ."

"ಅದು ಬೇರೆ, ಇದು ಬೇರೆ. ಇದನ್ನು ತೆಗೀಲಿಕ್ಕೆ ನಾನೇ ಹೇಳುದಲ್ವಾ?"

"ಅದನ್ನು ತೆಗೀಲಿಕ್ಕೂ ನೀವೇ ಹೇಳಿದ್ದು."

ದಂಡೆಯ ಮೇಲೆ ಯಾರೋ ನಕ್ಕರು. ಶ್ಯಾಮ ತಿರುಗಿ ನೋಡಿದ. ಎಲ್ಲರ ಮುಖವೂ ಒಂದೇ ರೀತಿ ಇತ್ತು.

ಕೇಶವಪ್ರಸಾದ ಮೊದಲು ಕೂಗಾಡಿದ. ಪೋಲೀಸರನ್ನು ಕರೆಸುತ್ತೇನೆಂದ. ಕರೆಸಿ ಎಂದು ತನಿಯಾರು ಹೇಳಿದಳು. ಬಂದವರೆದುರು ಕೋರೆಯ ದನಗಳ ಕತೆಯನ್ನೂ ಹೇಳುತ್ತೇವೆ ಎಂದಳು. ಆಮೇಲೆ ಅವನ ಸ್ವರ ಇಳಿಯಿತು. ಬಿಸಿಲು ಏರುತ್ತಿತ್ತು. ನೀರಿನ ಕಂದು ಬಣ್ಣ ಮೆಟ್ಟಿಲಿನಿಂದ ನಡುವಿನವರೆಗೆ ಬಂದಿತ್ತು.

"ನೋಡು ಮಾರಾಯ್ತಿ, ಇದು ಕುಡಿಯುವ ನೀರು. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ."

"ನಮ್ಮಲ್ಲೂ ಇದ್ದಾರೆ. ಈ ಕೆರೆ ತುಂಬಿ ಹೋಗುವ ತೋಡು ನಮ್ಮ ಮನೆಗಳ ಎದುರಿಗೇ ಇಳಿಯುದು. ಅದಕ್ಕೇ ಹೇಳುದು, ಬೇಗ ತೆಗೀರಿ ಅಂತ."

"ನಾನಾ?"

ರಮ್ಯಶ್ರೀ ಮೊದಲನೆಯ ಅಂಗಿಯನ್ನು ಬಿಡಿಸಿ ತಾನೇ ಹಾಕಿಕೊಂಡಳು. "ಹೊತ್ತು ಹೋದಷ್ಟೂ ಕಷ್ಟ. ಜಾಗದವರು ಒಬ್ಬರು, ಇಲಾಖೆಯವರು ಒಬ್ಬರು, ನಾನು. ಬನ್ನಿ," ಎಂದಳು.

ಶ್ಯಾಮ ಬಹಳ ಹೊತ್ತು ಫೋನು ಹಿಡಿದು ಅತ್ತಿತ್ತ ನಡೆದ. ಯಾರೂ ಬರುವುದಿಲ್ಲ ಎಂದು ಖಚಿತವಾದ ಮೇಲೆ ಎರಡನೆಯದನ್ನು ಎತ್ತಿಕೊಂಡ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಕೇಶವಪ್ರಸಾದ ಮೂರನೆಯದನ್ನು ಹಾಕಿದ. ಬೂಟಿನೊಳಗೆ ಪಂಚೆ ತುರುಕಲು ಅವನಿಗೆ ತಿಳಿಯಲಿಲ್ಲ, ಡಾಕ್ಟರು ಸರಿಮಾಡಿಕೊಟ್ಟಳು. ನಾಲ್ಕನೆಯದು ಮೆಟ್ಟಿಲ ಮೇಲೆ ಉಳಿಯಿತು. ಎಲ್ಲರೂ ಅದನ್ನು ನೋಡಿದರು. ಯಾರೂ ಎತ್ತಲಿಲ್ಲ.

ಮೂವರೂ ಹಗ್ಗ ಹಿಡಿದು ಎಳೆದರು. ಕಡವೆ ಒಂದು ಮೆಟ್ಟಿಲು ಮೇಲೆ ಬಂತು, ಜಾರಿ ಎರಡು ಮೆಟ್ಟಿಲು ಕೆಳಗೆ ಹೋಯಿತು. ಕೇಶವಪ್ರಸಾದ ಮಂಡಿಯೂರಿ ಬಿದ್ದ.

"ಹಗ್ಗವನ್ನು ನಿಮ್ಮ ಸೊಂಟಕ್ಕೆ ಒಂದು ಸುತ್ತು ಹಾಕಿ ಎಳೀರಿ," ಎಂದು ದಂಡೆಯಿಂದ ಸುಂದರಿ ಹೇಳಿಕೊಟ್ಟಳು. "ಮುಖ ಕೆಳಗೆ ತರಬೇಡಿ. ರಕ್ತ ಹಾರ್ತದೆ."

ಕೆರೆಯಿಂದ ದೂರ, ತೋಟದ ಮೇಲಿನ ಬೋಳು ಜಾಗಕ್ಕೆ ಕಡವೆಯನ್ನು ಮುಟ್ಟಿಸುವಾಗ ಎರಡೂವರೆ ಗಂಟೆ. ಕೊಪ್ಪದವರು ಹಿಂದೆಯೇ ನಡೆದು ಬಂದು ಅಲ್ಲಿಯೂ ಕೂತರು. ನೆಲ ಮುರಕಲ್ಲು. ಪಿಕ್ಕಾಸು ಬಿದ್ದಲ್ಲಿ ಕೆಂಪು ಹುಡಿ ಹಾರುತ್ತಿತ್ತೇ ಹೊರತು ಕಲ್ಲು ಏಳುತ್ತಿರಲಿಲ್ಲ. ಶ್ಯಾಮ ಹತ್ತು ಏಟು ಹಾಕಿ ಕೂರುತ್ತಿದ್ದ. ಕೇಶವಪ್ರಸಾದ ಐದು ಹಾಕಿ ನಿಲ್ಲುತ್ತಿದ್ದ. ಮಾಸ್ಕಿನೊಳಗಿಂದ ಅವನ ಉಸಿರಿನ ಸದ್ದು ಹತ್ತು ಮಾರು ದೂರಕ್ಕೆ ಕೇಳುತ್ತಿತ್ತು. ರಸ್ತೆಯ ಕಡೆಯಿಂದ ಜನ ಸೇರಿದರು. ಮರಿಯುಮ್ಮನೂ ಅಂಗಡಿ ಮುಚ್ಚಿ ಬಂದು ಹಿಂದೆ ನಿಂತಿದ್ದಳು. ಮೊಬೈಲು ಎತ್ತಿದ ಒಬ್ಬಿಬ್ಬರಿಗೆ ಶ್ಯಾಮ ತೆಗೆಯಬೇಡಿ ಎಂದು ಕೈ ಬೀಸಿದ, ಅವರು ತೆಗೆದರು.

ನೆರಳುಗಳು ಉದ್ದವಾದವು. ಗುಂಡಿ ಸೊಂಟದವರೆಗೆ ಇಳಿದಿತ್ತು. ಕೇಶವಪ್ರಸಾದ ಪಿಕ್ಕಾಸನ್ನು ನೆಲಕ್ಕೆ ಊರಿ, ಅದರ ಹಿಡಿಗೆ ಹಣೆ ಆನಿಸಿದ. ಆಮೇಲೆ ತಲೆಯೆತ್ತಿ ನೋಡಿದ. ನೋಡಿದ್ದು ಡಾಕ್ಟರನ್ನಲ್ಲ, ತನಿಯಾರನ್ನು.

"ಇಷ್ಟು ಸಾಕಲ್ಲ?"

ತನಿಯಾರು ಎದ್ದಳು. ಸೀರೆಗೆ ಹತ್ತಿದ ಹುಡಿ ಕೊಡವಿದಳು. ಗುಂಡಿಯ ಅಂಚಿಗೆ ಬಂದು, ಬಗ್ಗಿ, ಒಳಗೆ ನೋಡಿದಳು.

"ಸಾಲದು. ನಾಯಿ ತೆಗೀತದೆ," ಎಂದಳು. "ಇನ್ನೂ ಅಷ್ಟೇ ತೋಡಿ ಕೇಶವಪ್ರಸಾದರೇ."